ಕತ್ತಲಲ್ಲಿ ಕೂತು ಸೃಷ್ಟಿಯ ಕಥೆ ಓದುವುದು ಹೇಗೆ?

ಬೆಳಗ್ಗೆ ಎಚ್ಚರವಾದ ಮೇಲೂ ಯಾಕೆ ಏಳಬೇಕು ಅಂತ ಗೊತ್ತಾಗದೆ ಮಂಚದ ಅಂಚಿನಲ್ಲೇ ಕೂತುಬಿಡುವ ದಿನಗಳು ಇರುತ್ತವಲ್ಲ, ಈ ಬರಹ ಅಂಥ ದಿನಗಳಿಗೆ. ಬೇಕಾಗುವುದು ಒಂದು ಸತ್ಯವೇದ (ಬೈಬಲ್), ಒಂದು ಪೆನ್ಸಿಲ್, ಒಂದು ನೋಟ್‌ಬುಕ್. ದಿನಕ್ಕೆ ಹತ್ತು ನಿಮಿಷ ಸಾಕು. ಓದಬೇಕಾದ್ದು ಅದರ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಮೂರು ಅಧ್ಯಾಯ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಕೇಳಿ ಕೇಳಿ ನಿಮಗೆ ಬಾಯಿಪಾಠ ಆಗಿರಬಹುದು. ಇಲ್ಲವೇ ಇದುವರೆಗೆ ಒಂದು ಸಲವೂ ತೆರೆದು ನೋಡಿರಲಿಕ್ಕಿಲ್ಲ. ಎರಡೂ ಪರವಾಗಿಲ್ಲ. ನಿಜ ಹೇಳಬೇಕೆಂದರೆ ಬಾಯಿಪಾಠ ಆದವರಿಗೇ ಕಷ್ಟ ಜಾಸ್ತಿ, ಕಣ್ಣು ಒಂದು ಸಾಲಿನ ಮೇಲಿರುವಾಗಲೇ ಮುಂದಿನ ಸಾಲು ನೆನಪಿಗೆ ಬಂದುಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ನನಗೆ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿದ್ದೆ. 'ದೇವರಿಗೆ ನಿನ್ನ ಬಗ್ಗೆ ಒಂದು ಯೋಜನೆ ಇದೆ' ಅಂತ ಎಲ್ಲರೂ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ನನಗೆ ಅದು ಆ ಯೋಜನೆಯನ್ನು ಎಲ್ಲೋ ಕಪಾಟಿನೊಳಗೆ ಬೀಗ ಹಾಕಿ ಇಟ್ಟಿದ್ದಾರೆ, ಕೀಲಿ ಹುಡುಕುವುದು ನಿನ್ನ ಪಾಡು ಅಂದ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಎಲ್ಲಿ ಓದಬೇಕೋ ತಿಳಿಯದೆ ಮೊದಲ ಪುಟಕ್ಕೆ ಬಂದೆ. ಅಲ್ಲಿ ಯಾರಿಗೂ 'ಹುಡುಕು' ಅಂತ ಹೇಳಿಲ್ಲ. ಮನುಷ್ಯನ ಕೈಗೆ ಕೆಲಸ ಕೊಟ್ಟಿದ್ದಾರೆ. ಅದಕ್ಕೂ ಮುಂಚೆ ಆಶೀರ್ವಾದ ಕೊಟ್ಟಿದ್ದಾರೆ, ವಿಶ್ರಾಂತಿಯ ದಿನ ಕೊಟ್ಟಿದ್ದಾರೆ. ಆ ಪುಟಗಳನ್ನು ನಾನು ಹೇಗೆ ಓದಿದೆ, ಎಲ್ಲಿ ತಪ್ಪಿದೆ, ಯಾವುದು ಕೈಹಿಡಿಯಿತು ಅನ್ನುವುದನ್ನು ಹೇಳುತ್ತೇನೆ.

ಮೊದಲು ಎರಡು ಸಣ್ಣ ತಯಾರಿ

ಒಂದು, 1ನೇ ಅಧ್ಯಾಯ ಮುಗಿಯಿತು ಅಂತ 31ನೇ ವಚನಕ್ಕೆ ನಿಲ್ಲಬೇಡಿ. ಮೂಲ ಬರಹದಲ್ಲಿ ಅಧ್ಯಾಯದ ಸಂಖ್ಯೆಗಳೇ ಇರಲಿಲ್ಲ. ಈಗ ನಾವು ನೋಡುವ ಅಧ್ಯಾಯಗಳು 13ನೇ ಶತಮಾನದ ಹೊತ್ತಿಗೆ ಬಂದವು, ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಎಂಬ ಧರ್ಮಗುರು ಮಾಡಿದ ವಿಂಗಡಣೆ ಅಂತ ಹೇಳುತ್ತಾರೆ. ಅದರಿಂದ ಏಳನೆಯ ದಿನ ಮುಂದಿನ ಅಧ್ಯಾಯಕ್ಕೆ ಹೋಗಿಬಿಟ್ಟಿದೆ. ನೀವು 1:1ರಿಂದ 2:3ರವರೆಗೆ, ಅಂದರೆ 2ನೇ ಅಧ್ಯಾಯದ 3ನೇ ವಚನದವರೆಗೆ, ಒಂದೇ ಕಥೆ ಅಂತ ಓದಿ. ಹಾಗೆ ಓದಿದರೆ ಕಥೆ ಮನುಷ್ಯನ ಹತ್ತಿರ ಮುಗಿಯುವುದಿಲ್ಲ, ವಿಶ್ರಾಂತಿಯಲ್ಲಿ ಮುಗಿಯುತ್ತದೆ. ಇದು ಮುಂದೆ ಬೇಕಾಗುತ್ತದೆ.

ಇನ್ನೊಂದು, ಆರು ದಿನ ಅಂದರೆ 24 ಗಂಟೆಯ ದಿನವೋ ಯುಗವೋ ಅನ್ನುವ ವಾದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕ್ರೈಸ್ತರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ, ಮೊದಲಿನಿಂದಲೂ ಇಲ್ಲ. ಸೂರ್ಯನೇ ನಾಲ್ಕನೆಯ ದಿನ ಬಂದಿರುವಾಗ ಇವು ನಾವು ಲೆಕ್ಕ ಹಾಕುವಂಥ ದಿನಗಳಲ್ಲ ಅಂತ ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲೇ ಬರೆದಿದ್ದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಒಬ್ಬ ಪಾದ್ರಿ. ಹಾಗಾಗಿ ವಿಜ್ಞಾನ ಓದಿದವರು ಹೆದರಬೇಕಾಗಿಲ್ಲ, ಓದದವರೂ ಹೆದರಬೇಕಾಗಿಲ್ಲ. ನೀವು ಈಗ ಕೇಳುತ್ತಿರುವುದು ಬೇರೆ ಪ್ರಶ್ನೆ, ಅಲ್ವಾ? ಇದೆಲ್ಲ ಯಾತಕ್ಕೆ, ಇದರಲ್ಲಿ ನಾನು ಯಾತಕ್ಕೆ?

ಎರಡನೇ ವಚನದಲ್ಲಿ ಕೂತುಬಿಡಿ

ಬಹಳ ಜನ 'ಬೆಳಕಾಗಲಿ' ಅನ್ನುವ ಮಾತಿಗೆ ಓಡುತ್ತಾರೆ. ಓಡಬೇಡಿ. ಅದಕ್ಕೂ ಮುಂಚಿನ ವಚನದಲ್ಲಿ ಭೂಮಿ ಕ್ರಮವಿಲ್ಲದೆ ಬರಿದಾಗಿ ಇತ್ತು ಅಂತಿದೆ. ಮೂಲದ ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ತೋಹು ವಾಬೋಹು' ಅನ್ನುತ್ತಾರೆ. ಎರಡು ಸಲ ಜೋರಾಗಿ ಹೇಳಿ ನೋಡಿ, ಅಸ್ತವ್ಯಸ್ತ ಅನ್ನುವುದು ಬಾಯಲ್ಲೇ ಗೊತ್ತಾಗುತ್ತದೆ. ಕತ್ತಲು, ನೀರು, ಆಕಾರವಿಲ್ಲದ ಏನೋ ಒಂದು. ದೇವರು ಕೆಲಸ ಶುರು ಮಾಡುವುದು ಇಲ್ಲಿಂದ.

ಈಗ ನೋಟ್‌ಬುಕ್ ತೆಗೆದು ನಿಮ್ಮ ಬದುಕಿನ ತೋಹು ವಾಬೋಹು ಏನು ಅಂತ ಬರೆಯಿರಿ. ಚೆಂದ ಮಾಡಿ ಬರೆಯಬೇಡಿ, ಪ್ರಾರ್ಥನೆಯ ಭಾಷೆಯೂ ಬೇಡ. ನನ್ನ ನೋಟ್‌ಬುಕ್‌ನ ಆ ಪುಟ ಇನ್ನೂ ಇದೆ. 'ಸಾಲ. ನಿದ್ದೆ ಇಲ್ಲ. ಅಪ್ಪನಿಗೆ ಫೋನ್ ಮಾಡಲು ನಾಚಿಕೆ. ಶರ್ಟು ಇಸ್ತ್ರಿ ಮಾಡಿ ಯಾಕೆ ಇಡಬೇಕು?' ಅಂತ ನಾಲ್ಕು ಸಾಲು. ಅಷ್ಟೇ. ಬರೆದಾದ ಮೇಲೆ ಅದೇ ವಚನದ ಉಳಿದ ಅರ್ಧ ಓದಿ. ದೇವರಾತ್ಮನು ಆ ನೀರಿನ ಮೇಲೆ ಚಲಿಸುತ್ತಿದ್ದನು ಅಂತಿದೆ. ಈ 'ಚಲಿಸು' ಅನ್ನುವ ಕಡೆ ಇರುವ ಹೀಬ್ರೂ ಕ್ರಿಯಾಪದ ಸತ್ಯವೇದದ್ದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 32:11ರಲ್ಲಿ ಮತ್ತೆ ಬರುತ್ತದೆ, ಅಲ್ಲಿ ಹದ್ದು ತನ್ನ ಮರಿಗಳ ಮೇಲೆ ರೆಕ್ಕೆ ಆಡಿಸುತ್ತಾ ಸುಳಿದಾಡುವುದನ್ನು ಹೇಳಲು ಬಳಸಿದ್ದಾರೆ. ನಾನು ಇದನ್ನು ತಿಳಿದುಕೊಂಡ ದಿನ ನೋಟ್‌ಬುಕ್‌ನ ಆ ನಾಲ್ಕು ಸಾಲಿನ ಮೇಲೆ ಸುಮ್ನೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಏನೂ ಬದಲಾಗಿರಲಿಲ್ಲ. ಸಾಲ ಇತ್ತು, ನಾಚಿಕೆ ಇತ್ತು. ಆದರೆ ಆ ಕತ್ತಲ ಮೇಲೆ ಯಾರೋ ಇದ್ದಾರೆ ಅಂತ ಮೊದಲ ಸಲ ಅನ್ನಿಸಿತು.

ಬೆಳಕು ಬಂದ ಮೇಲೂ ಗಮನಿಸಿ, ದೇವರು ಕತ್ತಲನ್ನು ಅಳಿಸಿಹಾಕುವುದಿಲ್ಲ. ಬೇರೆ ಮಾಡುತ್ತಾರೆ, ಅದಕ್ಕೆ ಇರುಳು ಅಂತ ಹೆಸರಿಡುತ್ತಾರೆ. ಅದಕ್ಕೂ ದಿನದಲ್ಲಿ ಒಂದು ಜಾಗ ಸಿಗುತ್ತದೆ. ಪ್ರತಿ ದಿನದ ಕೊನೆಗೆ ಬರುವ ಸಾಲು ನೋಡಿ, ಸಾಯಂಕಾಲವೂ ಪ್ರಾತಃಕಾಲವೂ ಆಗಿ ಒಂದು ದಿನ. ಸಾಯಂಕಾಲ ಮೊದಲು. ಯೆಹೂದ್ಯರು ಇವತ್ತಿಗೂ ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿಯ ದಿನವನ್ನು, ಸೂರ್ಯ ಮುಳುಗುವಾಗ ಶುರು ಮಾಡುತ್ತಾರೆ. ಇದಕ್ಕೇ ನಾನು ಈ ಓದನ್ನು ಸಂಜೆ ಮಾಡಿ ಅನ್ನುವುದು. ನಮ್ಮ ಲೆಕ್ಕದಲ್ಲಿ ಮುಗಿದುಹೋದ ಹೊತ್ತಿನಲ್ಲಿ ಈ ಕಥೆಯಲ್ಲಿ ದಿನ ಶುರುವಾಗುತ್ತಿರುತ್ತದೆ. ನಾವು ಮಲಗಿರುವಾಗಲೇ ಅದರ ಅರ್ಧ ಕೆಲಸ ನಡೆದಿರುತ್ತದೆ.

'ಒಳ್ಳೆಯದು' ಎಲ್ಲಿಲ್ಲ ಅಂತ ಹುಡುಕಿ

ಈಗ ಪೆನ್ಸಿಲ್ ತೆಗೆದುಕೊಳ್ಳಿ. 1ನೇ ಅಧ್ಯಾಯದಲ್ಲಿ ದೇವರು ನೋಡಿ 'ಒಳ್ಳೆಯದು' ಅಂದ ಕಡೆಯೆಲ್ಲ ಗೆರೆ ಎಳೆಯಿರಿ. ಏಳು ಸಲ ಸಿಗುತ್ತದೆ. 4, 10, 12, 18, 21, 25, ಕೊನೆಗೆ 31ನೇ ವಚನ. ಕೊನೆಯದರಲ್ಲಿ 'ಬಹು ಒಳ್ಳೆಯದು'. ಈಗ ಗೆರೆ ಇಲ್ಲದ ದಿನ ಯಾವುದು ನೋಡಿ.

ಎರಡನೆಯ ದಿನ. 6ರಿಂದ 8ನೇ ವಚನ. ಮೇಲಿನ ನೀರು, ಕೆಳಗಿನ ನೀರು, ನಡುವೆ ಗುಮಟ, ಅಂದರೆ ಆಕಾಶ. ಸಾಯಂಕಾಲ ಆಯಿತು, ಪ್ರಾತಃಕಾಲ ಆಯಿತು, ದಿನವೂ ಮುಗಿಯಿತು. 'ಒಳ್ಳೆಯದು' ಅನ್ನುವ ಮಾತೇ ಇಲ್ಲ. ಯಾಕೆ? ಯೆಹೂದ್ಯ ಗುರುಗಳು ಕೊಡುವ ಒಂದು ಹಳೆಯ ಉತ್ತರ ನನಗೆ ಬಹಳ ಇಷ್ಟ. ನೀರಿನ ಕೆಲಸ ಎರಡನೆಯ ದಿನ ಶುರುವಾಯಿತು, ಮುಗಿಯಲಿಲ್ಲ. ಮೂರನೆಯ ದಿನ ನೀರು ಒಂದು ಕಡೆ ಸೇರಿ ಒಣನೆಲ ಕಂಡಾಗಲೇ ಅದು ಪೂರ್ತಿಯಾಗಿದ್ದು. ಅದಕ್ಕೇ ಮೂರನೆಯ ದಿನ ಎರಡು ಸಲ 'ಒಳ್ಳೆಯದು' ಬರುತ್ತದೆ, ಒಂದು ಆ ದಿನದ್ದು, ಇನ್ನೊಂದು ಹಿಂದಿನ ದಿನದ ಬಾಕಿ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಭರವಸೆ ಕೊಟ್ಟಿದ್ದು ಈ ಖಾಲಿ ಜಾಗ. ಕೆಲಸ ಅರ್ಧದಲ್ಲಿದ್ದ ದಿನಕ್ಕೆ ದೇವರೇ ಒಳ್ಳೆಯದು ಅಂತ ಸರ್ಟಿಫಿಕೇಟ್ ಕೊಡಲಿಲ್ಲ. ಕೆಟ್ಟದು ಅಂತಲೂ ಅನ್ನಲಿಲ್ಲ, ಅಳಿಸಲೂ ಇಲ್ಲ. ಆ ದಿನವೂ ವಾರದ ಲೆಕ್ಕದಲ್ಲಿ ಇದೆ. ಮತ್ತೆ ನಾವು? ಎಲ್ಲ ದಿನದ ಕೊನೆಗೂ ದೇವರಿಗೆ ಸ್ತೋತ್ರ, ಎಲ್ಲ ಚೆನ್ನಾಗಿದೆ ಅಂತ ಹೇಳಲೇಬೇಕು ಅಂದುಕೊಳ್ಳುತ್ತೇವೆ, ಹೇಳಲಾಗದಿದ್ದರೆ ನಂಬಿಕೆ ಕಡಿಮೆಯಾಯಿತು ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ.

ಅಭ್ಯಾಸ ಹೀಗೆ ಮಾಡಿ. ರಾತ್ರಿ ಮಲಗುವ ಮುಂಚೆ ಆ ದಿನದಲ್ಲಿ ಕಣ್ಣಾರೆ ನೋಡಿ ಒಳ್ಳೆಯದು ಅನ್ನಿಸಿದ ಒಂದೇ ಒಂದು ವಿಷಯ ಬರೆಯಿರಿ. ದೊಡ್ಡದು ಬೇಡ. ಕಿಟಕಿಯ ಮೇಲೆ ಕೂತ ಹಕ್ಕಿ, ಮಗು ಹಾಕಿಕೊಂಡ ಉಲ್ಟಾ ಚಪ್ಪಲಿ, ಯಾರೋ ಪೂರ್ತಿ ಕೇಳಿಸಿಕೊಂಡ ಒಂದು ಮಾತು. ಏನೂ ಸಿಗದಿದ್ದರೆ ದಿನಾಂಕ ಬರೆದು ಜಾಗ ಖಾಲಿ ಬಿಡಿ. ತುಂಬಿಸಬೇಡಿ. ಒಂದು ವಾರವೋ ಒಂದು ತಿಂಗಳೋ ಆದ ಮೇಲೆ ಹಿಂದಿರುಗಿ ನೋಡಿದಾಗ ಕೆಲವು ಖಾಲಿ ಜಾಗಗಳಿಗೆ ಬರೆಯಲು ಏನಾದರೂ ಸಿಗಬಹುದು. ಕೆಲವು ಖಾಲಿಯೇ ಉಳಿಯುತ್ತವೆ. ನನ್ನಲ್ಲೂ ಉಳಿದಿವೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. 1968ರ ಡಿಸೆಂಬರ್ 24ರಂದು ಅಪೊಲೊ 8 ನೌಕೆಯಲ್ಲಿ ಚಂದ್ರನ ಸುತ್ತ ಹೋಗುತ್ತಿದ್ದ ಮೂವರು, ಬಿಲ್ ಆಂಡರ್ಸ್, ಜಿಮ್ ಲೊವೆಲ್, ಫ್ರಾಂಕ್ ಬೋರ್ಮನ್, ಭೂಮಿಯಲ್ಲಿದ್ದವರಿಗೆ ಕೇಳುವ ಹಾಗೆ ಇದೇ ಅಧ್ಯಾಯದ ಮೊದಲ ಹತ್ತು ವಚನ ಓದಿದರು. ಅವರು ನಿಲ್ಲಿಸಿದ್ದು 10ನೇ ವಚನದಲ್ಲಿ, ಅಂದರೆ ಒಣನೆಲ ಕಂಡು, ಬಾಕಿ ಉಳಿದಿದ್ದ ಆ 'ಒಳ್ಳೆಯದು' ಬಂದ ಕಡೆ. ಕಪ್ಪು ಆಕಾಶದಲ್ಲಿ ನೀಲಿ ಭೂಮಿ ಮೂಡುವ ಆ ಪ್ರಸಿದ್ಧ ಫೋಟೊ ತೆಗೆದದ್ದೂ ಅದೇ ದಿನ. ಸಾಧ್ಯವಾದರೆ ಆ ಫೋಟೊ ಎದುರಿಗಿಟ್ಟುಕೊಂಡು ಹತ್ತು ವಚನ ಓದಿ.

ನೀವು ಯಾರು ಅನ್ನುವ ವಚನ

26 ಮತ್ತು 27. ದೇವರು ತಮ್ಮ ಸ್ವರೂಪದಲ್ಲಿ ಮನುಷ್ಯನನ್ನು ಉಂಟುಮಾಡಿದರು, ಗಂಡು ಹೆಣ್ಣಾಗಿ ಉಂಟುಮಾಡಿದರು. ಇದರ ತೂಕ ಗೊತ್ತಾಗಬೇಕಾದರೆ ಇದನ್ನು ಕೇಳಿಸಿಕೊಂಡವರು ಯಾರು ಅಂತ ನೆನಪಿಡಬೇಕು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆಹೂದ್ಯರ ರಾಜಧಾನಿ ಯೆರೂಸಲೇಮನ್ನು ಕೆಡವಿ, ದೇವಾಲಯ ಸುಟ್ಟು, ಜನರನ್ನು ಸೆರೆ ಒಯ್ದರು. ಈ ಅಧ್ಯಾಯ ಈಗಿನ ರೂಪಕ್ಕೆ ಬಂದದ್ದು ಆ ಸೆರೆಯ ಕಾಲದಲ್ಲಿ ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಬಾಬಿಲೋನಿಗೆ ಅದರದ್ದೇ ಸೃಷ್ಟಿಕಥೆ ಇತ್ತು. ಅದರಲ್ಲಿ ಸೋತ ಒಬ್ಬ ದೇವತೆಯನ್ನು ಕೊಂದು ಅವನ ರಕ್ತದಿಂದ ಮನುಷ್ಯರನ್ನು ಮಾಡುತ್ತಾರೆ. ಯಾಕೆ ಅಂದರೆ ದೇವತೆಗಳಿಗೆ ದುಡಿದು ಸಾಕಾಗಿತ್ತು, ಚಾಕರಿಗೆ ಜನ ಬೇಕಿತ್ತು.

ಮನೆಮಠ ಕಳೆದುಕೊಂಡು ಪರರ ಊರಿನಲ್ಲಿ ಕೂತ ಜನಕ್ಕೆ ಆಗ ಈ ಮಾತು ಓದಿ ಹೇಳಿದ್ದನ್ನು ಯೋಚಿಸಿ. ನೀನು ಯಾರ ಚಾಕರಿಗೂ ಅಂತ ಹುಟ್ಟಿದವನಲ್ಲ, ನೀನು ದೇವರ ಸ್ವರೂಪ. 'ಸ್ವರೂಪ' ಅಂತ ನಮ್ಮ ಅನುವಾದದಲ್ಲಿರುವ ಹೀಬ್ರೂ ಪದ 'ಸೆಲೆಮ್'. ವಿಗ್ರಹಕ್ಕೂ ಅದೇ ಪದ. ಆ ಕಾಲದ ರಾಜರು ತಮ್ಮ ಆಳ್ವಿಕೆ ಇರುವ ಕಡೆ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದರು. ದೇವರು ತಮ್ಮ ಗುರುತಿಗೆ ನಿಲ್ಲಿಸಿದ್ದು ಕಲ್ಲನ್ನಲ್ಲ, ಮನುಷ್ಯರನ್ನು. ಅದೂ ಅವರು ಒಂದು ಕಡ್ಡಿ ಎತ್ತಿಡುವ ಮುಂಚೆಯೇ.

ಏಳನೆಯ ದಿನವನ್ನು ಬಿಡಬೇಡಿ ಅಂದಿದ್ದು ಇದಕ್ಕೇ. ಮನುಷ್ಯ ಬಂದದ್ದು ಆರನೆಯ ದಿನ. ಹಾಗಾದರೆ ಅವನು ಕಣ್ಣುಬಿಟ್ಟು ನೋಡಿದ ಮೊದಲ ಪೂರ್ತಿ ದಿನ ಯಾವುದು? ವಿಶ್ರಾಂತಿಯ ದಿನ. ದುಡಿದು ಸಂಪಾದಿಸಿದ ರಜೆ ಅಲ್ಲ ಅದು. ಕೆಲಸ ಇಲ್ಲದೆ ಕೂತಿದ್ದ ನನಗೆ ನಾನು ಯಾವ ಲೆಕ್ಕಕ್ಕೂ ಇಲ್ಲ ಅನ್ನಿಸುತ್ತಿದ್ದ ಕಾಲದಲ್ಲಿ ಈ ಒಂದು ವಿಷಯ ಎಷ್ಟು ಸಲ ಎತ್ತಿ ನಿಲ್ಲಿಸಿತೋ ಹೇಳಲಾರೆ.

ಇನ್ನು ಕೈಗೆ ಒಂದು ತುಂಡು ನೆಲ

2ನೇ ಅಧ್ಯಾಯದಲ್ಲಿ ದೇವರು ಮಣ್ಣಿಗೆ ಕೈ ಹಾಕುತ್ತಾರೆ. ಕುಂಬಾರ ಮಾಡಿದ ಹಾಗೆ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಮೂಗಿನಲ್ಲಿ ಶ್ವಾಸ ಊದುತ್ತಾರೆ. ಹೀಬ್ರೂ ಭಾಷೆಯಲ್ಲಿ ನೆಲಕ್ಕೆ 'ಅದಾಮಾ', ಮನುಷ್ಯನಿಗೆ 'ಆದಾಮ್'. ಆಮೇಲೆ 15ನೇ ವಚನ. ಏದೆನ್ ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಅವನನ್ನು ಅಲ್ಲಿ ಇಟ್ಟರು. ಬದುಕಿನ ಉದ್ದೇಶ ಏನು ಅಂತ ಕೇಳುವವರಿಗೆ ನಾನು ತೋರಿಸುವ ವಚನ ಇದು. ಇಡೀ ಲೋಕ ಉದ್ಧಾರ ಮಾಡು ಅಂತ ಇಲ್ಲ. ಒಂದು ತೋಟ, ಎರಡು ಕೆಲಸ. 'ವ್ಯವಸಾಯ' ಅಂತ ಇರುವ ಕಡೆ ಮೂಲದಲ್ಲಿರುವ ಪದಕ್ಕೆ ಸೇವೆ ಅನ್ನುವ ಅರ್ಥವೂ ಇದೆ. 'ಕಾಯು' ಅನ್ನುವುದಕ್ಕೆ ಇರುವ ಪದವೇ ಸತ್ಯವೇದದ ಅರಣ್ಯಕಾಂಡ 6:24ರ ಆಶೀರ್ವಾದದಲ್ಲಿ ಬರುತ್ತದೆ, ಯೆಹೋವನು ನಿನ್ನನ್ನು ಕಾಪಾಡಲಿ ಅಂತ. ದೇವರು ನಮ್ಮನ್ನು ಕಾಯುವುದಕ್ಕೂ ನಾವು ತೋಟ ಕಾಯುವುದಕ್ಕೂ ಒಂದೇ ಮಾತು.

ಹಾಗಾದರೆ ಮಾಡಬೇಕಾದ್ದು ಏನು? ನಿಮ್ಮ ಕೈಗೆಟುಕುವ ಒಂದು ತುಂಡನ್ನು ಆರಿಸಿಕೊಳ್ಳಿ. ನನಗೆ ಅದು ಆರಿಸದೆಯೇ ಸಿಕ್ಕಿತು. ಪಕ್ಕದ ಮನೆಯವರು ಆರು ವಾರ ಎಲ್ಲಿಗೋ ಹೊರಟವರು 'ಹೇಗೂ ಮನೆಯಲ್ಲೇ ಇರ್ತೀರಲ್ಲ' ಅಂತ ಎಂಟು ಹೂಕುಂಡಗಳನ್ನು ನನಗೆ ಒಪ್ಪಿಸಿದರು. ಆ ಮಾತು ಚುಚ್ಚಿತು. ನಾಲ್ಕು ದಿನ ಆ ಕಡೆ ಹೋಗಲೇ ಇಲ್ಲ. ಐದನೆಯ ದಿನ ಹೋದಾಗ ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿತ್ತು. ಒಂದು ಚೊಂಬು ನೀರು ಸುರಿದೆ. ಆ ಸಂದಿಯಿಂದಲೇ ಇಳಿದು ಕೆಳಗಿನ ತೂತಿನಿಂದ ಹೊರಗೆ ಹರಿದುಹೋಯಿತು. ಮೇಲೆ ಬೆರಳು ಹಾಕಿ ನೋಡಿದರೆ ಒಳಗೆ ಇನ್ನೂ ಒಣಮಣ್ಣು. ಒಣಗಿದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ಕಡ್ಡಿಯಿಂದ ಮೇಲ್ಮಣ್ಣು ಸಡಿಲ ಮಾಡಿ, ಅರ್ಧ ಲೋಟ ಹಾಕಿ, ಕಾದು, ಮತ್ತೆ ಅರ್ಧ ಲೋಟ ಹಾಕಬೇಕಾಯಿತು. ಎಂಟು ಕುಂಡಕ್ಕೆ ಒಂದು ಗಂಟೆ ಹಿಡಿಯಿತು. ಏಳಲು ಕಾರಣವೇ ಇಲ್ಲದ ನನಗೆ ಮರುದಿನ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಬಂದ ಯೋಚನೆ ಆ ಮಣ್ಣು ಒದ್ದೆಯಾಗಿದೆಯಾ ಅನ್ನುವುದು. ಎರಡು ಗಿಡ ಉಳಿಯಲಿಲ್ಲ, ಆರು ಉಳಿದವು.

ನಿಮ್ಮದು ಗಿಡವೇ ಆಗಬೇಕಿಲ್ಲ. ವಯಸ್ಸಾದ ಒಬ್ಬರ ಮಾತ್ರೆ ಡಬ್ಬಿ, ಒಂದು ಮಗುವಿನ ಲೆಕ್ಕದ ಪಾಠ, ಮನೆಯ ಒಂದು ಕೋಣೆ, ಯಾವುದಾದರೂ ಸರಿ. ಎರಡೇ ಪರೀಕ್ಷೆ. ಅದನ್ನು ನೀವು ಕಣ್ಣಿಂದ ನೋಡಿ ಕೈಯಿಂದ ಮುಟ್ಟುವ ಹಾಗಿರಬೇಕು, ನೀವು ಒಂದು ದಿನ ತಪ್ಪಿಸಿದರೆ ಅದಕ್ಕೆ ಗೊತ್ತಾಗಬೇಕು.

ಒಬ್ಬರೇ ಓದಬೇಡಿ. ಅಷ್ಟು ಸಲ ಒಳ್ಳೆಯದು ಅಂದ ಮೇಲೆ ಮೊದಲ ಬಾರಿಗೆ ದೇವರು 'ಒಳ್ಳೆಯದಲ್ಲ' ಅನ್ನುವುದು 2:18ರಲ್ಲಿ, ಮನುಷ್ಯ ಒಂಟಿಯಾಗಿರುವುದನ್ನು ನೋಡಿ. ಇದನ್ನು ಮದುವೆಯ ದಿನಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ, ಅದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಫೋನಿನಲ್ಲಾದರೂ ಒಬ್ಬರ ಜೊತೆ ನಾಲ್ಕು ವಚನ ಓದಿ.

ಮೂರನೇ ಅಧ್ಯಾಯ ಹಾರಿಸಬೇಡಿ

ಭರವಸೆ ಬೇಕು ಅನ್ನುವವರು ಇಲ್ಲಿ ಪುಟ ಮಗುಚಿಬಿಡುತ್ತಾರೆ. ಹಾವು, ಹಣ್ಣು, ಶಾಪ, ಮುಳ್ಳು. ಆದರೆ ಇದಿಲ್ಲದಿದ್ದರೆ ಕಥೆ ನಮ್ಮ ಮನೆಗೆ ಬರುವುದೇ ಇಲ್ಲ. ತಪ್ಪು ಮಾಡಿ ಮರಗಳ ನಡುವೆ ಅಡಗಿದವರನ್ನು ದೇವರು ಕೇಳುವ ಮೊದಲ ಮಾತು 'ನೀನೆಲ್ಲಿದ್ದೀ?' ದೇವರಿಗೆ ಗೊತ್ತಿಲ್ಲ ಅಂತ ಅಲ್ಲ. ಈಚೆಗೆ ಬಂದು ಉತ್ತರ ಕೊಡಲಿ ಅಂತ. ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ. 'ಅಡುಗೆಮನೆಯಲ್ಲಿ ಕೂತಿದ್ದೇನೆ, ಭಯ ಆಗಿದೆ' ಅಂದರೂ ಸಾಕು, ಅದೇ ಪ್ರಾರ್ಥನೆ. ಆಮೇಲೆ 21ನೇ ವಚನ ನೋಡಿ. ಅಂಜೂರದ ಎಲೆ ಹೊಲಿದುಕೊಂಡು ನಿಂತಿದ್ದವರನ್ನು ತೋಟದಿಂದ ಕಳಿಸುವ ಮುಂಚೆ ದೇವರೇ ಚರ್ಮದ ಅಂಗಿ ಮಾಡಿ ತೊಡಿಸುತ್ತಾರೆ. ಎಲೆ ಹೊರಗಿನ ಚಳಿಗೆ ತಡೆಯುವುದಿಲ್ಲವಲ್ಲ.

ಒಂದು ಎಚ್ಚರಿಕೆ. ನೋವಿನಲ್ಲಿರುವವರಿಗೆ 'ದೇವರು ಮಾಡಿದ್ದೆಲ್ಲ ಒಳ್ಳೆಯದಕ್ಕೇ' ಅಂತ ಈ ಅಧ್ಯಾಯಗಳನ್ನು ಎತ್ತಿ ಹೇಳಬೇಡಿ. 3ನೇ ಅಧ್ಯಾಯ ಇರುವುದೇ ಎಲ್ಲವೂ ಒಳ್ಳೆಯದಾಗಿ ಉಳಿದಿಲ್ಲ ಅಂತ ಹೇಳುವುದಕ್ಕೆ. ಮತ್ತೆ ನಿಮಗೇ ಬದುಕು ಸಾಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಓದಿಗಿಂತ ಮುಂಚೆ, ಇವತ್ತೇ, ನಂಬಿಕೆ ಇರುವ ಒಬ್ಬರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಅದು ನಂಬಿಕೆಯ ಕೊರತೆ ಅಲ್ಲ. ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟನು.

ಕೊನೆಯದಾಗಿ ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿ. ವಾರದ ಮೊದಲನೆಯ ದಿನ, ಇನ್ನೂ ಕತ್ತಲಿರುವಾಗ, ಒಂದು ತೋಟ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅಳುತ್ತಾ ನಿಂತಿದ್ದಾಳೆ. ಸತ್ತಿದ್ದ ಯೇಸು ಎದ್ದು ಎದುರಿಗೇ ನಿಂತಿದ್ದರೂ ಅವಳು ಗುರುತಿಸದೆ ಇವನು ತೋಟಗಾರ ಅಂದುಕೊಳ್ಳುತ್ತಾಳೆ. ಅದೇ ದಿನ ಸಂಜೆ ಯೇಸು ಬಾಗಿಲು ಮುಚ್ಚಿಕೊಂಡು ಕೂತ ಶಿಷ್ಯರ ಮೇಲೆ ಉಸಿರೂದುತ್ತಾನೆ, ಆದಾಮನ ಮೂಗಿಗೆ ದೇವರು ಊದಿದ ಹಾಗೆ. ಮೊದಲ ತೋಟದಲ್ಲಿ ನಿಂತುಹೋದ ಕೆಲಸ ಇಲ್ಲಿ ಮತ್ತೆ ಶುರುವಾಗಿದೆ ಅಂತ ನಾನು ನಂಬುತ್ತೇನೆ. ಕ್ರೈಸ್ತರು ಸೃಷ್ಟಿಯ ಕಥೆಯನ್ನು ಹಿಂದೆ ನಡೆದದ್ದು ಅಂತ ಮಾತ್ರ ಓದದಿರುವುದು ಇದಕ್ಕೇ.

ಶುರು ಮಾಡಲು ಸೋಮವಾರಕ್ಕೆ ಕಾಯಬೇಡಿ. ಇವತ್ತು ಸಂಜೆ ದೀಪ ಹಾಕುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ದೀಪ ಹಾಕಿ, 1ರಿಂದ 5ನೇ ವಚನದವರೆಗೆ ಓದಿ. ನಾಳೆ 6ರಿಂದ 8. ನಾಳೆಯ ಪುಟದಲ್ಲಿ 'ಒಳ್ಳೆಯದು' ಸಿಗುವುದಿಲ್ಲ. ಪೆನ್ಸಿಲ್ ಕೆಳಗಿಟ್ಟು ಮಲಗಿ.